ಬಂದಿಲ್ಲ, ಬರಲಿಲ್ಲ ಮತ್ತು ಇಂಗ್ಲಿಷಿನ ಟೆನ್ಸ್

ಇಂಗ್ಲಿಷಿನಲ್ಲಿ ಟೆನ್ಸ್ ಎಷ್ಟು ಅಂತ ಕೇಳಿದರೆ ನಮ್ಮ ಕಡೆಯ ಮಕ್ಕಳು ಕಣ್ಣು ಮುಚ್ಚಿಕೊಂಡು 12 ಅನ್ನುತ್ತಾರೆ. ಪ್ರೆಸೆಂಟ್, ಪಾಸ್ಟ್, ಫ್ಯೂಚರ್ ಅಂತ ಮೂರು. ಪ್ರತಿಯೊಂದರಲ್ಲೂ ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್ ಅಂತ ನಾಲ್ಕು. ಗುಣಿಸಿದರೆ 12 ಮನೆಗಳ ಪಟ್ಟಿ. ಗೈಡುಗಳಲ್ಲಿ ಈ ಪಟ್ಟಿ ಇರುತ್ತದೆ, ಟ್ಯೂಷನ್ ಕೋಣೆಯ ಗೋಡೆಯ ಮೇಲೂ ಇರುತ್ತದೆ. ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಪಾಸೂ ಆಗುತ್ತಾರೆ. ಆದರೆ ಯಾರಾದರೂ ಎದುರಿಗೆ ಕೂತು 'ನಿನ್ನೆ ಎಂತ ಮಾಡಿದ್ರಿ' ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಆ 12 ಮನೆಗಳಲ್ಲಿ ಯಾವ ಬಾಗಿಲು ತೆರೆಯಬೇಕು ಅಂತ ಗೊತ್ತಾಗುವುದಿಲ್ಲ.

ನಾನು ಉಡುಪಿಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಕನ್ನಡ ಮೀಡಿಯಂನಲ್ಲಿ ಓದಿದವರು. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಹುಡುಗಿ, ಗಲ್ಫಿನ ಇಂಟರ್‌ವ್ಯೂಗೆ ತಯಾರಾಗುವ ಎಲೆಕ್ಟ್ರಿಷಿಯನ್, ಮಕ್ಕಳ ಹೋಂವರ್ಕ್ ತಾನೇ ನೋಡಬೇಕು ಅಂತ ಬರುವ ಅಮ್ಮಂದಿರು. ಮನೆಯಲ್ಲಿ ಆಡುವುದು ತುಳು, ಇಲ್ಲವೇ ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ. ಇವರಿಗೆ ಭಾಷೆ ಹೊಸದಲ್ಲ. ಬಸ್ಸಿನಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು, ಮನೆಯಲ್ಲಿ ಮತ್ತೊಂದು ಅಂತ ದಿನಕ್ಕೆ ಮೂರು ಭಾಷೆ ಸಲೀಸಾಗಿ ಆಡುವವರು ಇವರು. ಅದೇ ಜನ ಇಂಗ್ಲಿಷಿನ ಕ್ರಿಯಾಪದದ ಮುಂದೆ ಬಂದಾಗ ಮಾತ್ರ ಹೆದರುತ್ತಾರೆ.

ಇವರಿಗೆಲ್ಲ ಮೊದಲು ಸಿಕ್ಕಿದ ಬುದ್ಧಿಮಾತು ಒಂದೇ. ಕನ್ನಡದಲ್ಲಿ ಯೋಚಿಸಬೇಡಿ, ಇಂಗ್ಲಿಷಿನಲ್ಲೇ ಯೋಚಿಸಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಇಲ್ಲದ ಭಾಷೆಯಲ್ಲಿ ಯೋಚಿಸುವುದು ಹೇಗೆ? ಬೆಳೆದ ಮನುಷ್ಯ ಹೊಸ ಭಾಷೆ ಕಲಿಯುವಾಗ ತನ್ನ ಭಾಷೆಯ ಮೂಲಕವೇ ಹೋಗುತ್ತಾನೆ, ಬೇರೆ ದಾರಿ ಇಲ್ಲ. ತಪ್ಪು ಎಲ್ಲಿಂದ ಬರುತ್ತದೆ ಅಂತ ಹುಡುಕಿದರೆ ಅದು ನಮ್ಮ ಭಾಷೆಯಿಂದಲೇ ಬರುತ್ತದೆ, ನಿಜ. ಆದರೆ ಅದನ್ನು ತಿದ್ದುವ ಉಪಾಯವೂ ಅಲ್ಲೇ ಇರುತ್ತದೆ. ನಮ್ಮ ಮಾತಿನಲ್ಲಿ ಕಾಲ ಹೇಗೆ ಕೆಲಸ ಮಾಡುತ್ತದೆ ಅಂತ ಒಮ್ಮೆ ಸರಿಯಾಗಿ ನೋಡಿದರೆ ಇಂಗ್ಲಿಷಿನ ಅರ್ಧ ಭಯ ಹೋಗುತ್ತದೆ.

ಮೊದಲು ರೂಪಗಳ ಮಾತು. ಇದನ್ನು ಬೇಗ ಮುಗಿಸಬಹುದು. ಇಂಗ್ಲಿಷಿನ ಕ್ರಿಯಾಪದ ತಾನಾಗಿಯೇ ಕಾಲಕ್ಕೆ ತಕ್ಕ ಹಾಗೆ ಬದಲಾಗುವುದು ಎರಡೇ ಕಡೆ. ವಾಕ್, ವಾಕ್ಡ್. ರೈಟ್, ರೋಟ್. ಒಂದು ಈಗಿನದು, ಇನ್ನೊಂದು ಹಿಂದಿನದು. ಭವಿಷ್ಯಕ್ಕೆ ಅಂತ ಬೇರೆ ಪ್ರತ್ಯಯವೇ ಇಲ್ಲ. ವಿಲ್, ಗೋಯಿಂಗ್ ಟು ಮುಂತಾದ ಪದಗಳನ್ನು ಮುಂದೆ ಇಟ್ಟು ಕೆಲಸ ಸಾಗಿಸುತ್ತಾರೆ. ಅದಕ್ಕೇ ಎಷ್ಟೋ ಭಾಷಾವಿಜ್ಞಾನಿಗಳು ಇಂಗ್ಲಿಷಿನಲ್ಲಿ ಟೆನ್ಸ್ ಇರುವುದು ಎರಡೇ ಅನ್ನುತ್ತಾರೆ. ಉಳಿದದ್ದೆಲ್ಲ ಮೂರು ಸಹಾಯಕ ಪದಗಳ ಆಟ. ಬಿ, ಅಂದರೆ ಆ್ಯಮ್, ಈಸ್, ವಾಸ್ ಥರದವು, ಅದರ ಜೊತೆಗೆ ಐಎನ್‌ಜಿ ಬಂದರೆ ಕೆಲಸ ನಡೆಯುತ್ತಾ ಇದೆ. ಹ್ಯಾವ್ ಜೊತೆಗೆ ಮೂರನೆಯ ರೂಪ, ಅಂದರೆ ನಾವು ಶಾಲೆಯಲ್ಲಿ ವಿ ತ್ರೀ ಅನ್ನುವುದು ಬಂದರೆ ಕೆಲಸ ಆಗಿ ಅದರ ಫಲ ಉಳಿದಿದೆ. ಪ್ರಶ್ನೆಗೂ ನಿಷೇಧಕ್ಕೂ ಡು. ಈ ಮೂರನ್ನು ಹಿಡಿದುಕೊಂಡರೆ 12 ಮನೆ ತಾವಾಗಿ ತುಂಬುತ್ತವೆ.

ಇದು ನಮಗೆ ಹೊಸತೇನಲ್ಲ. ಶಾಲೆಯ ಕನ್ನಡ ವ್ಯಾಕರಣದಲ್ಲಿ ಹೋಗುತ್ತೇನೆ, ಹೋದೆನು, ಹೋಗುವೆನು ಅಂತ ಮೂರು ಕಾಲ. ಆದರೆ ಮಾತಿನಲ್ಲಿ ಯಾರು 'ನಾಳೆ ಹೋಗುವೆನು' ಅನ್ನುತ್ತಾರೆ? ನಾಳೆ ಹೋಗ್ತೇನೆ, ದಿನಾ ಹೋಗ್ತೇನೆ. ಎರಡಕ್ಕೂ ಒಂದೇ ರೂಪ. ನಾಳೆಯೋ ದಿನವೋ ಅನ್ನುವುದನ್ನು ಪಕ್ಕದ ಪದ ಹೇಳುತ್ತದೆ. ಅಂದರೆ ಆಡುಮಾತಿನ ಕನ್ನಡವೂ ಇಂಗ್ಲಿಷಿನ ಹಾಗೆ ಆಗಿಹೋದದ್ದು ಒಂದು ಕಡೆ, ಉಳಿದದ್ದೆಲ್ಲ ಇನ್ನೊಂದು ಕಡೆ ಅಂತ ಎರಡೇ ಪಾಲು ಮಾಡುತ್ತದೆ.

ಗೋ, ವೆಂಟ್, ಗಾನ್ ಪಟ್ಟಿಯ ಬಗ್ಗೆಯೂ ಮಕ್ಕಳಿಗೆ ಬೇಜಾರು. ಯಾಕೆ ಟೀಚರ್, ವಾಕ್ಡ್ ಹಾಗೆ ಎಲ್ಲದಕ್ಕೂ ಇ, ಡಿ ಅಕ್ಷರ ಸೇರಿಸಿದರೆ ಆಗುವುದಿಲ್ವಾ ಅಂತ ಕೇಳುತ್ತಾರೆ. ಆಗ ನಾನು ಬೋರ್ಡಿನ ಮೇಲೆ ಕನ್ನಡದ ಪಟ್ಟಿ ಬರೆಯುತ್ತೇನೆ. ಬಾ, ಬಂದೆ. ತಾ, ತಂದೆ. ಕೊಡು, ಕೊಟ್ಟೆ. ನಿಲ್ಲು, ನಿಂತೆ. ಬೀಳು, ಬಿದ್ದೆ. ಸಾಯು, ಸತ್ತ. ಇದರಲ್ಲಿ ಯಾವುದು ನಿಯಮದಂತೆ ಇದೆ? ನೀವು ಯಾರೂ ಇದನ್ನು ಬಾಯಿಪಾಠ ಮಾಡಲಿಲ್ಲ ಅಲ್ವಾ? ಎಷ್ಟೋ ಭಾಷೆಗಳಲ್ಲಿ ದಿನಾ ಬಳಸುವ ಪದಗಳೇ ನಿಯಮ ಮೀರುವುದು ಜಾಸ್ತಿ. ಹೋಗು, ಬಾ, ತಿನ್ನು, ಕೊಡು, ನೋಡು ಅನ್ನುವಂಥವು ಇಂಗ್ಲಿಷಿನಲ್ಲೂ ವಕ್ರವಾಗಿಯೇ ಇವೆ. ಬಳಕೆ ಹೆಚ್ಚಾದ್ದರಿಂದ ಹಳೆಯ ರೂಪ ಬಾಯಿಯಲ್ಲೇ ಉಳಿಯಿತು. ಅಪರೂಪದ ಪದಗಳು ಇಡಿಗೆ ಶರಣಾದವು. ವೆಂಟ್ ಅನ್ನುವುದಂತೂ ಗೋ ಪದದ್ದೇ ಅಲ್ಲ. ಅದು ಮೂಲದಲ್ಲಿ ವೆಂಡ್ ಅನ್ನುವ ಬೇರೊಂದು ಕ್ರಿಯಾಪದದ ಭೂತಕಾಲ. ಗೋ ಪದದ ಭೂತಕಾಲದ ಜಾಗಕ್ಕೆ ಬಂದು ಕೂತುಬಿಟ್ಟಿತು.

'ಐ ಡಿಡ್ ನಾಟ್ ವೆಂಟ್' ಅನ್ನುವ ತಪ್ಪಿಗೂ ಇದೇ ರೀತಿ ಮದ್ದು ಉಂಟು. ಬಂದೆ ಅನ್ನುವುದನ್ನು ಇಲ್ಲ ಮಾಡಿ ಅಂತ ಹೇಳುತ್ತೇನೆ. ಎಲ್ಲರೂ 'ಬರಲಿಲ್ಲ' ಅನ್ನುತ್ತಾರೆ. ಬಂದೆ ಒಳಗಿದ್ದ 'ಬಂದ' ಎಲ್ಲಿ ಹೋಯಿತು? ಮಾಯ. ಕ್ರಿಯಾಪದ ಮತ್ತೆ ಬರು ಆಗಿ ನಿಂತಿತು, ಹಿಂದಿನದು ಅನ್ನುವ ಸುದ್ದಿಯನ್ನು ಉಳಿದ ಭಾಗ ಹೊತ್ತುಕೊಂಡಿತು. ಇಂಗ್ಲಿಷಿನಲ್ಲಿ ಡಿಡ್ ಮಾಡುವುದೂ ಅದನ್ನೇ. ಭೂತಕಾಲವನ್ನು ಡಿಡ್ ಒಮ್ಮೆ ಹೊತ್ತ ಮೇಲೆ ಗೋ ಮತ್ತೆ ಹೊರಬೇಕಾಗಿಲ್ಲ. ಇಷ್ಟು ಹೇಳಿದ ಮೇಲೆ ಡಿಡ್ ನಾಟ್ ವೆಂಟ್ ಅನ್ನುವುದು ಕಡಿಮೆಯಾಗುತ್ತದೆ. ನಿಯಮ ಹೇಳಿ ಬೈದರೆ ಕಡಿಮೆಯಾಗುವುದಿಲ್ಲ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಅದು ಪ್ರೆಸೆಂಟ್ ಪರ್ಫೆಕ್ಟ್. ಹ್ಯಾವ್ ಈಟನ್, ಹ್ಯಾಸ್ ಕಮ್. ನನ್ನ ಅನುಭವದಲ್ಲಿ ಉಳಿದ 11 ಮನೆಗಳಿಗಿಂತ ಈ ಒಂದು ಮನೆ ಹೆಚ್ಚು ಸಮಯ ತಿನ್ನುತ್ತದೆ, ತಿನ್ನಲೇಬೇಕು.

ನಮ್ಮೂರಿನಲ್ಲಿ ಯಾರಾದರೂ ಮಧ್ಯಾಹ್ನ ಸಿಕ್ಕಿದರೆ ಕೇಳುವ ಮೊದಲ ಮಾತು 'ಊಟ ಆಯ್ತಾ?' ತುಳುವಿನಲ್ಲಿ 'ವಣಸ್ ಆಂಡಾ?' ರೂಪ ನೋಡಿದರೆ ಅದು ಭೂತಕಾಲ. ಆದರೆ ಕೇಳುವವರಿಗೆ ಬೇಕಾದದ್ದು ಹಿಂದಿನ ಕಥೆಯಲ್ಲ. ನಿಮ್ಮ ಹೊಟ್ಟೆ ಈಗ ಹೇಗಿದೆ, ನಮ್ಮಲ್ಲಿ ಊಟಕ್ಕೆ ಕೂರುತ್ತೀರಾ ಅನ್ನುವುದು ಬೇಕು. ಈ 'ಈಗ' ಇದ್ದರೆ ಇಂಗ್ಲಿಷಿನಲ್ಲಿ ಹ್ಯಾವ್ ಬರುತ್ತದೆ. ಹ್ಯಾವ್ ಯು ಈಟನ್? ಅಮೆರಿಕದವರು ಡಿಡ್ ಯು ಈಟ್ ಎಂದೂ ಕೇಳುತ್ತಾರೆ, ಬ್ರಿಟಿಷ್ ಬಳಕೆಯಲ್ಲಿ ಹ್ಯಾವ್ ಹೆಚ್ಚು. ನಮ್ಮ ಪಠ್ಯಗಳು ಬ್ರಿಟಿಷ್ ದಾರಿಯವು. ಆದ್ದರಿಂದ ಹ್ಯಾವ್ ಕಲಿಯುವುದು ಒಳ್ಳೆಯದು.

ಆಯ್ತು ಅನ್ನುವ ಒಂದೇ ಪದ ಎರಡೂ ಕೆಲಸ ಮಾಡುವುದರಿಂದ ಕನ್ನಡದವರಿಗೆ ಗೊಂದಲ. ಆದರೆ ಅದೇ ವಾಕ್ಯವನ್ನು ಇಲ್ಲ ಮಾಡಿ ನೋಡಿ. ಬರಹದ ಕನ್ನಡದಲ್ಲಿ ಎರಡು ದಾರಿ ತೆರೆಯುತ್ತದೆ. 'ಬರಲಿಲ್ಲ' ಒಂದು, 'ಬಂದಿಲ್ಲ' ಇನ್ನೊಂದು. ಮದುವೆಗೆ ಮಾವ ಬರಲಿಲ್ಲ. ಮದುವೆ ಮುಗಿಯಿತು, ಆ ಬಾಗಿಲು ಮುಚ್ಚಿತು. ಮಾವ ಇನ್ನೂ ಬಂದಿಲ್ಲ. ನಾವು ಈಗಲೂ ಗೇಟಿನ ಕಡೆ ನೋಡುತ್ತಿದ್ದೇವೆ, ಎಲೆ ಹಾಕುವುದನ್ನು ಸ್ವಲ್ಪ ತಡೆದಿದ್ದೇವೆ. ಬರಲಿಲ್ಲ ಅಂದರೆ ಡಿಡ್ ನಾಟ್ ಕಮ್. ಬಂದಿಲ್ಲ ಅಂದರೆ ಹ್ಯಾಸ್ ನಾಟ್ ಕಮ್. ಸಿಂಪಲ್ ಪಾಸ್ಟೋ ಪ್ರೆಸೆಂಟ್ ಪರ್ಫೆಕ್ಟೋ ಅಂತ ಅನುಮಾನ ಬಂದಾಗ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಇಲ್ಲ ಮಾಡಿ, ಯಾವ ಇಲ್ಲ ಬರುತ್ತದೆ ಅಂತ ಕೇಳಿಸಿಕೊಳ್ಳಿ ಅಂತ ಹೇಳುತ್ತೇನೆ. ಹತ್ತರಲ್ಲಿ ಎಂಟು ಸಲ ಉತ್ತರ ಸಿಗುತ್ತದೆ.

ಕರಾವಳಿಯವರಿಗೆ ಇಲ್ಲೊಂದು ಎಚ್ಚರಿಕೆ ಬೇಕು. ನಮ್ಮ ಆಡುಮಾತಿನಲ್ಲಿ 'ಇನ್ನೂ ಬರ್ಲಿಲ್ಲ' ಅಂತ ಧಾರಾಳವಾಗಿ ಅನ್ನುತ್ತೇವೆ. ಬಯಲುಸೀಮೆಯವರು ಬಂದಿಲ್ಲ ಅನ್ನುವ ಕಡೆ ನಮ್ಮದು ಬರ್ಲಿಲ್ಲ. ಹಾಗಾಗಿ ಪರೀಕ್ಷೆ ಮಾಡುವಾಗ ಮಾತಿನ ಕನ್ನಡ ಬಿಟ್ಟು ಪೇಪರಿನ ಕನ್ನಡ ನೆನಪಿಸಿಕೊಳ್ಳಬೇಕು. ತುಳು ಮನೆಯವರಾದರೆ ಅದಕ್ಕಿಂತ ಒಳ್ಳೆಯ ದಾರಿ ಇದೆ. ಸುಮ್ನೆ ತುಳುವಿನಲ್ಲಿ ಹೇಳಿ ನೋಡಿದರಾಯಿತು.

ತುಳುವಿನಲ್ಲಿ ಬಸ್ 'ಬತ್ತ್ಂಡ್' ಅನ್ನಬಹುದು, 'ಬೈದ್ಂಡ್' ಅನ್ನಬಹುದು. ತಿರುವಿನಲ್ಲಿ ಬಸ್ಸು ಕಾಣಿಸಿದ ಕೂಡಲೇ ಚೀಲ ಎತ್ತಿಕೊಳ್ಳುತ್ತಾ ಹೇಳುವುದು ಬತ್ತ್ಂಡ್. ಬಂದು ಸ್ಟ್ಯಾಂಡಿನಲ್ಲಿ ನಿಂತಿದೆ, ಹತ್ತಬಹುದು ಅನ್ನುವುದಾದರೆ ಬೈದ್ಂಡ್. ಇಲ್ಲ ಮಾಡಿದರೂ ಎರಡು, ಬತ್ತಿಜಿ ಮತ್ತು ಬೈದಿಜಿ. ಕನ್ನಡದಲ್ಲಿ 'ಬಂದು ಇದೆ' ಸೇರಿ ಬಂದಿದೆ ಆದದ್ದು ಕಣ್ಣಿಗೆ ಕಾಣುತ್ತದೆ. ತುಳುವಿನಲ್ಲಿ ಹಾಗೆ ಬಿಡಿಸಿ ನೋಡಲು ಸುಲಭವಾಗಿ ಆಗುವುದಿಲ್ಲ, ಕ್ರಿಯಾಪದದ ಒಳಗೇ ಆ ವ್ಯತ್ಯಾಸ ಕೂತಿದೆ. ಇಷ್ಟು ಸೂಕ್ಷ್ಮ ವ್ಯತ್ಯಾಸವನ್ನು ಮೂರು ವರ್ಷದ ಮಗು ಅಂಗಳದಲ್ಲಿ ಆಡುತ್ತಾ ಸರಿಯಾಗಿ ಬಳಸುತ್ತದೆ. ಅದೇ ಮಗು ದೊಡ್ಡವನಾಗಿ ಬಂದು 'ಪರ್ಫೆಕ್ಟ್ ಟೆನ್ಸ್ ನನ್ನ ತಲೆಗೆ ಹೋಗುವುದಿಲ್ಲ ಟೀಚರ್' ಅಂದಾಗ ನನಗೆ ಸಂಕಟ ಆಗುತ್ತದೆ. ತಲೆಯಲ್ಲಿ ಅದು ಆಗಲೇ ಇದೆ. ಅದನ್ನು ಯಾರೂ ಅವನಿಗೆ ತೋರಿಸಲಿಲ್ಲ, ಅಷ್ಟೆ.

ಈ ತುಳು ರೂಪಗಳನ್ನು ಇಂಗ್ಲಿಷ್ ಓದುಗರಿಗೆ ವಿವರಿಸುವ ಕೆಲಸ ಮಂಗಳೂರಿನಲ್ಲಿ ಬಹಳ ಹಿಂದೆಯೇ ನಡೆದಿತ್ತು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಬ್ರಿಗೆಲ್ ಅವರ ತುಳು ವ್ಯಾಕರಣ 1872ರಲ್ಲಿ ಇಲ್ಲಿಂದ ಪ್ರಕಟವಾಯಿತು. ಅದೇ ವರ್ಷ ಅದೇ ಸಂಸ್ಥೆಯ ಕಿಟೆಲ್ ಅವರು ಕೇಶಿರಾಜನ ಹಳಗನ್ನಡ ವ್ಯಾಕರಣ ಶಬ್ದಮಣಿದರ್ಪಣವನ್ನು ಮಂಗಳೂರಿನಿಂದಲೇ ಹೊರತಂದರು. ಕಿಟೆಲ್ ಅವರ ನಿಘಂಟು 1894ರಲ್ಲಿ, ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ 1903ರಲ್ಲಿ ಬಂತು. ಅವರೆಲ್ಲ ಇಂಗ್ಲಿಷರಲ್ಲ. ಜರ್ಮನ್ ಮನೆಮಾತಿನವರು ಕನ್ನಡ, ತುಳು ಕಲಿತು, ಅದನ್ನು ಇಂಗ್ಲಿಷಿನಲ್ಲಿ ಬರೆದರು. ಜರ್ಮನ್ ಭಾಷೆಯಲ್ಲೂ ಹ್ಯಾವ್ ಥರದ ಪದ ಇಟ್ಟು ಪರ್ಫೆಕ್ಟ್ ಕಟ್ಟುತ್ತಾರೆ. ಆದರೆ ಅಲ್ಲಿ ಅದರ ಜೊತೆ 'ನಿನ್ನೆ' ಅನ್ನುವ ಪದ ಆರಾಮವಾಗಿ ಬರುತ್ತದೆ.

ಇಂಗ್ಲಿಷ್ ಹಟ ಹಿಡಿಯುವುದು ಇಲ್ಲಿಯೇ. 'ಅವನು ನಿನ್ನೆ ಬಂದಿದ್ದಾನೆ' ಅನ್ನುವುದು ಒಳ್ಳೆಯ ಕನ್ನಡ. 'ಹಿ ಹ್ಯಾಸ್ ಕಮ್ ಯೆಸ್ಟರ್‌ಡೇ' ಅನ್ನುವುದು ಒಳ್ಳೆಯ ಇಂಗ್ಲಿಷ್ ಅಲ್ಲ. ಮುಗಿದುಹೋದ ಹೊತ್ತಿನ ಹೆಸರು ಹೇಳಿದ ಕೂಡಲೇ, ನಿನ್ನೆ, ಹೋದ ವಾರ, 2019ರಲ್ಲಿ ಅಂದ ಕೂಡಲೇ ಇಂಗ್ಲಿಷಿನಲ್ಲಿ ಹ್ಯಾಸ್ ಹೊರಗೆ ಹೋಗುತ್ತದೆ. ಹಿ ಕೇಮ್ ಯೆಸ್ಟರ್‌ಡೇ. ಇಂಗ್ಲಿಷ್ ಕಲಿಯುವ ಜರ್ಮನರೂ ನಮ್ಮ ಹಾಗೆಯೇ ಇಲ್ಲಿ ಎಡವುತ್ತಾರೆ. ತುಳುವಿನ ಎರಡು ರೂಪಗಳೂ ಇಂಗ್ಲಿಷಿನ ಎರಡಕ್ಕೆ ಗೆರೆ ಎಳೆದ ಹಾಗೆ ಹೊಂದುವುದಿಲ್ಲ. ಆದ್ದರಿಂದ ನಮ್ಮ ಭಾಷೆ ಕೈಹಿಡಿದು ನಡೆಸುವುದು ಎಲ್ಲಿಯವರೆಗೆ, ಕೈಬಿಡುವುದು ಎಲ್ಲಿ ಅಂತ ಎರಡನ್ನೂ ಹೇಳಿಕೊಡಬೇಕು. ಕೈಬಿಡುವ ಜಾಗಗಳು ಹೆಚ್ಚೇನಿಲ್ಲ. ಆದರೆ ನಮ್ಮ ಮಾತಿನಲ್ಲಿ ದಿನಾ ಬರುವಂಥವು.

ಒಂದು, 'ಇಂದ'. ಮೂರು ವರ್ಷದಿಂದ ಇಲ್ಲಿ ಕೆಲಸ ಮಾಡ್ತಾ ಇದ್ದೇನೆ. ಕನ್ನಡದಲ್ಲಿ ಕೆಲಸ ಈಗಲೂ ನಡೆಯುತ್ತಿರುವುದರಿಂದ ಕ್ರಿಯಾಪದವೂ ಈಗಿನದು. ಅದನ್ನೇ ತೆಗೆದುಕೊಂಡು ಹೋಗಿ ಇಂಟರ್‌ವ್ಯೂನಲ್ಲಿ 'ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್' ಅನ್ನುತ್ತಾರೆ. ಇಂಗ್ಲಿಷ್ ಇದನ್ನು ಹಿಂದೆ ಶುರುವಾಗಿ ಇಲ್ಲಿಯವರೆಗೆ ಬಂದ ಉದ್ದದ ಹೊತ್ತು ಅಂತ ನೋಡುತ್ತದೆ. ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್. ಎಷ್ಟು ಉದ್ದ ಅಂತ ಹೇಳಿದರೆ ಫಾರ್, ಯಾವಾಗ ಶುರು ಅಂತ ಹೇಳಿದರೆ ಸಿನ್ಸ್. ನಮಗೆ ಎರಡಕ್ಕೂ ಇಂದ ಒಂದೇ. ಕೆಲಸಕ್ಕಾಗಿ ಹೋಗುವ ಪ್ರತಿಯೊಬ್ಬರೂ ಹೇಳಬೇಕಾದ ವಾಕ್ಯ ಇದು. ಹಾಗಾಗಿ ನಾನು ಇದನ್ನು ಪಟ್ಟಿಯ ಕೊನೆಗೆ ಇಡುವುದಿಲ್ಲ, ಮೊದಲ ವಾರದಲ್ಲೇ ಹೇಳಿಸುತ್ತೇನೆ. ಪರ್ಫೆಕ್ಟ್ ಕಂಟಿನ್ಯುಯಸ್ ಅನ್ನುವ ಭಾರದ ಹೆಸರು ಆಮೇಲೆ ಬಂದರೂ ನಡೆಯುತ್ತದೆ.

ಇನ್ನೊಂದು, 'ಹೋಗಿದ್ದೆ'. ನಿನ್ನೆ ಮಂಗಳೂರಿಗೆ ಹೋಗಿದ್ದೆ. ಇದರಲ್ಲಿ ಹೋದದ್ದೂ ಇದೆ, ವಾಪಸ್ ಬಂದದ್ದೂ ಇದೆ. ಕನ್ನಡದಲ್ಲಿ ಈ ವಾಕ್ಯ ಇಷ್ಟಕ್ಕೇ ಪೂರ್ತಿ. ಇದೇ ಇಂಗ್ಲಿಷಿನಲ್ಲಿ 'ಐ ಹ್ಯಾಡ್ ಗಾನ್ ಟು ಮಂಗಳೂರು ಯೆಸ್ಟರ್‌ಡೇ' ಆಗುತ್ತದೆ. ನಮ್ಮ ದೇಶದಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ ಯಾರಿಗೂ ಕಿವಿಗೆ ಕುಟ್ಟುವುದೇ ಇಲ್ಲ. ಹೊರಗಿನವರಿಗೆ ಮಾತ್ರ ಹ್ಯಾಡ್ ಕೇಳಿದ ಕೂಡಲೇ ಆಮೇಲೆ ಏನಾಯಿತು ಅನ್ನುವ ಕಾಯುವಿಕೆ ಶುರುವಾಗುತ್ತದೆ. ಇಂಥ ಹ್ಯಾಡ್ ಸಾಮಾನ್ಯವಾಗಿ ಹಿಂದಿನ ಇನ್ನೊಂದು ಘಟನೆಯ ಜೊತೆಗೇ ಬರುವಂಥದು. ನಾನು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಉಡುಪಿ ಬಸ್ ಹೋಗಿತ್ತು. ವೆನ್ ಐ ರೀಚ್ಡ್, ದ ಬಸ್ ಹ್ಯಾಡ್ ಲೆಫ್ಟ್. ಎರಡೂ ಹಿಂದಿನದು, ಅದರಲ್ಲಿ ಬಸ್ಸು ಹೋದದ್ದು ಇನ್ನೂ ಹಿಂದಿನದು. ಅಂಥ ಇನ್ನೊಂದು ಘಟನೆ ಇಲ್ಲದಿದ್ದರೆ ಬರೀ ವೆಂಟ್ ಸಾಕು. ಹೋಗಿ ಬಂದದ್ದನ್ನೇ ಒತ್ತಿ ಹೇಳಬೇಕಾದರೆ, ದಿನದ ಹೆಸರು ಹೇಳದೆ, ಐ ಹ್ಯಾವ್ ಬೀನ್ ಟು ಮಂಗಳೂರು. ಶಿ ಹ್ಯಾಸ್ ಗಾನ್ ಅಂದರೆ ಇನ್ನೂ ಅಲ್ಲೇ ಇದ್ದಾಳೆ. ಗಾನ್ ಮತ್ತು ಬೀನ್ ನಡುವಿನ ಈ ವ್ಯತ್ಯಾಸ ಹೇಳಿದಾಗ ಮೆಡಿಕಲ್ ಶಾಪಿನ ಹುಡುಗಿ 'ಒಂದು ಹೋಗಿದ್ದಾಳೆ, ಇನ್ನೊಂದು ಹೋಗಿ ಬಂದಿದ್ದಾಳೆ' ಅಂತ ತಕ್ಷಣ ಹೇಳಿದಳು. ಅದಕ್ಕಿಂತ ಚೆನ್ನಾಗಿ ಯಾವ ಗೈಡೂ ಹೇಳುವುದಿಲ್ಲ.

'ಹೋಗುತ್ತಿದ್ದೆ' ಕೂಡ ಸ್ವಲ್ಪ ಕಾಡುತ್ತದೆ. ನಾನು ಹೋಗುತ್ತಿದ್ದೆ, ಆಗ ಫೋನ್ ಬಂತು ಅಂದರೆ ವಾಸ್ ಗೋಯಿಂಗ್. ಚಿಕ್ಕವಳಿರುವಾಗ ಪ್ರತಿ ಭಾನುವಾರ ಮಲ್ಪೆಗೆ ಹೋಗುತ್ತಿದ್ದೆ ಅಂದರೆ ಯೂಸ್ಡ್ ಟು ಗೋ. ಕನ್ನಡಕ್ಕೆ ಒಂದೇ ರೂಪ, ಇಂಗ್ಲಿಷಿಗೆ ಎರಡು. ನಡುವೆ ಇದ್ದ ಕೆಲಸವೋ ರೂಢಿಯೋ ಅಂತ ಕೇಳಿಕೊಂಡರೆ ಸಾಕು.

ಐಎನ್‌ಜಿ ಅತಿಯಾಗಿ ಬಳಸುವ ಅಭ್ಯಾಸವೂ ನಮ್ಮಲ್ಲಿದೆ. ಐ ಆ್ಯಮ್ ನೋಯಿಂಗ್, ಐ ಆ್ಯಮ್ ಹ್ಯಾವಿಂಗ್ ಟು ಬ್ರದರ್ಸ್. ಕನ್ನಡದ ಗೊತ್ತು, ಬೇಕು, ಸಾಕು ಅನ್ನುವ ಪದಗಳಿಗೆ ಯಾರಾದರೂ 'ತ್ತಾ ಇದೆ' ಸೇರಿಸುತ್ತಾರಾ? ಇಲ್ಲ. ಅವು ಕೆಲಸಗಳಲ್ಲ, ಇರುವ ಸ್ಥಿತಿಗಳು. ಇಂಗ್ಲಿಷಿನ ನೋ, ವಾಂಟ್, ಓನ್, ಬಿಲಾಂಗ್ ಕೂಡ ಹಾಗೆಯೇ.

ಕೊನೆಗೆ ನಾಳೆಯ ವಿಷಯ. ವಿಲ್ ಒಂದೇ ಫ್ಯೂಚರ್ ಅಂತ ಪಟ್ಟಿ ಹೇಳುತ್ತದೆ. ಆದರೆ ರೈಲಿನ ವೇಳಾಪಟ್ಟಿ ಹೇಳುವಾಗ ಇಂಗ್ಲಿಷ್ ಸಿಂಪಲ್ ಪ್ರೆಸೆಂಟ್ ಬಳಸುತ್ತದೆ, ದ ಟ್ರೇನ್ ಲೀವ್ಸ್ ಟುಮಾರೋ. ಮೊದಲೇ ಗೊತ್ತು ಮಾಡಿಕೊಂಡ ಕಾರ್ಯಕ್ರಮಕ್ಕೆ ಐ ಆ್ಯಮ್ ಮೀಟಿಂಗ್ ಹರ್ ಟುಮಾರೋ. ಮನಸ್ಸು ಮಾಡಿ ಆಗಿದ್ದರೆ ಗೋಯಿಂಗ್ ಟು. ಕೇಳಿದ ಕ್ಷಣದಲ್ಲಿ ತೀರ್ಮಾನ ಮಾಡಿದರೆ ವಿಲ್. ಬಾಗಿಲಲ್ಲಿ ಯಾರೋ ಕರೆದಾಗ ನಾವು ಒಳಗಿನಿಂದ 'ಬಂದೆ ಬಂದೆ' ಅನ್ನುತ್ತೇವೆ, ಇನ್ನೂ ಎದ್ದಿರುವುದೇ ಇಲ್ಲ. ಅವರು ಅದೇ ಜಾಗದಲ್ಲಿ ಐ ಆ್ಯಮ್ ಕಮಿಂಗ್ ಅನ್ನುತ್ತಾರೆ. ನಾವು ಭೂತಕಾಲ ಎಳೆದು ತಂದೆವು, ಅವರು ಕಂಟಿನ್ಯುಯಸ್ ತಂದರು. ಕರೆದವರಿಗೆ ಎರಡರಲ್ಲೂ ಒಂದೇ ಸಮಾಧಾನ.

ನನಗೆ ತುಂಬ ಇಷ್ಟವಾದ ಪಾಠ ಇಫ್ ವಾಕ್ಯಗಳದ್ದು. 'ಮಳೆ ಬಂದರೆ' ಅನ್ನುವಾಗ ಮಳೆ ಇನ್ನೂ ಬಂದಿಲ್ಲ. ಆದರೂ ಪದದ ಒಳಗೆ 'ಬಂದ' ಇದೆ. 'ಬಂದಾನು' ಅನ್ನುವುದರಲ್ಲೂ ಇದೆ, ಬರುವುದು ಖಚಿತವಿಲ್ಲ. ಕೈಗೆ ಸಿಗದ್ದನ್ನು, ಊಹಿಸಿದ್ದನ್ನು ಹೇಳಲು ಕನ್ನಡ ಭೂತಕಾಲದ ರೂಪವನ್ನೇ ಎತ್ತಿಕೊಳ್ಳುತ್ತದೆ. ಇಂಗ್ಲಿಷ್ ಕೂಡ ದೂರದ ಊಹೆಗೆ ಇದನ್ನೇ ಮಾಡುತ್ತದೆ. ಇಫ್ ಐ ನ್ಯೂ, ಇಫ್ ಐ ಹ್ಯಾಡ್ ಮನಿ. ಅಲ್ಲಿರುವ ನ್ಯೂ ನಿನ್ನೆಯದಲ್ಲ, ಇವತ್ತು ಗೊತ್ತಿಲ್ಲದ್ದು. ಮೈಟ್ ಅನ್ನುವುದು ಮೇ ಪದದ ಹಳೆಯ ಭೂತಕಾಲ. ಆಗಬಹುದಾದ ಸಾಮಾನ್ಯ ವಿಷಯಕ್ಕೆ ಮಾತ್ರ ಇಂಗ್ಲಿಷ್ ಪ್ರೆಸೆಂಟ್ ಇಡುತ್ತದೆ, ಇಫ್ ಇಟ್ ರೇನ್ಸ್. ಇಂಥ ವಾಕ್ಯದಲ್ಲಿ ಇಫ್ ಪಕ್ಕಕ್ಕೆ ವಿಲ್ ಬರುವುದಿಲ್ಲ. ನಾವೂ 'ಮಳೆ ಬರುವುದಾದರೆ' ಅಂತ ಸುತ್ತಿ ಬಳಸಿ ಹೇಳದೆ, ನೇರವಾಗಿ ಬಂದರೆ ಅನ್ನುತ್ತೇವೆ.

ಜೂನ್, ಜುಲೈ ತಿಂಗಳಲ್ಲಿ ಇದನ್ನು ಕಲಿಸುವುದು ಬಹಳ ಸುಲಭ. ಜೋರು ಮಳೆಯ ಎಚ್ಚರಿಕೆ ಬಂದಾಗ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಡುವುದು ಉಡುಪಿ, ದಕ್ಷಿಣ ಕನ್ನಡದ ಪ್ರತಿ ಮಗುವಿಗೂ ಗೊತ್ತು. ಅಮ್ಮಂದಿರ ಜೊತೆ ಕೆಲವು ಮಕ್ಕಳೂ ಬಂದು ಹಿಂದೆ ಕೂರುತ್ತಾರೆ. ನಾಳೆ ಜೋರು ಮಳೆ ಬಂದರೆ ರಜೆ ಸಿಗುತ್ತದೆ. ಇಫ್ ಇಟ್ ರೇನ್ಸ್ ಹೆವಿಲಿ ಟುಮಾರೋ, ವಿ ವಿಲ್ ಗೆಟ್ ಎ ಹಾಲಿಡೇ. ಈ ವಾಕ್ಯವನ್ನು ಅವರು ಒಂದೇ ಸಲಕ್ಕೆ ಹೇಳಿದರು. ಜನವರಿಯಲ್ಲಿ ಅಂಥ ಮಳೆ ಬಂದರೆ ಅಂತ ಕೇಳಿದೆ. ಅದು ಬರುವುದು ಕಷ್ಟ, ಆದ್ದರಿಂದ ರೇನ್ಸ್ ಹೋಗಿ ರೇನ್ಡ್ ಆಯಿತು, ವಿಲ್ ಹೋಗಿ ವುಡ್ ಆಯಿತು. ಹೋದ ವಾರ ಬರಲೇ ಇಲ್ಲವಲ್ಲ, ಬಂದಿದ್ದರೆ? ಇದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಮೊದಲು ಕನ್ನಡದಲ್ಲಿ 'ಬಂದಿದ್ದರೆ ರಜೆ ಸಿಗುತ್ತಿತ್ತು' ಅಂತ ಬೆರಳು ಮಡಚಿ ಲೆಕ್ಕ ಮಾಡಿದ ಹಾಗೆ ಹೇಳಿಕೊಂಡ. ಆಮೇಲೆ ಒಂದೊಂದೇ ಪದ ಜೋಡಿಸಿದ. ಇಫ್ ಇಟ್ ಹ್ಯಾಡ್ ರೇನ್ಡ್, ವಿ ವುಡ್ ಹ್ಯಾವ್ ಗಾಟ್ ಎ ಹಾಲಿಡೇ. ಅವನ ಅಮ್ಮ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡರು.